ನೂರೈವತ್ತು ಹರ್ಟ್ಸ್ ಜಾರಿದ ಊರು

ಸೊನ್ನೆ ಮೇಷ್ಟ್ರ ಅಂಗಡಿಗೆ ಅವಳು ಮೊದಲು ಕಾಲಿಟ್ಟದ್ದು ಒಂದು ಶನಿವಾರ ಮಧ್ಯಾಹ್ನ, ಮೂರು ಗಂಟೆ ದಾಟಿದ ಮೇಲೆ. ಟವೆಲಿನಲ್ಲಿ ಸುತ್ತಿದ ರೇಡಿಯೊ ಸೆಟ್ಟು ಬಸ್ಸಿನ ದಾರಿಯುದ್ದಕ್ಕೂ ಮಗುವಿನ ಹಾಗೆ ಅವಳ ತೊಡೆಯ ಮೇಲೆ ಕೂತು ಬಂದಿತ್ತು. ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಸಹಾಯಕಿಯಾಗಿದ್ದ ಅವಳಿಗೆ, ಮನೆಯಿಂದಲೇ ಬೇರೆಯವರೊಡನೆ ಮಾತಾಡುವ ಹವ್ಯಾಸಿ ರೇಡಿಯೊದ ಲೈಸೆನ್ಸ್ ಸಿಕ್ಕಿ ಹನ್ನೊಂದು ದಿನವಾಗಿತ್ತು. ಸೆಟ್ಟು ಸೆಕೆಂಡ್ ಹ್ಯಾಂಡ್. ಅದು ತೋರಿಸುವ ಫ್ರೀಕ್ವೆನ್ಸಿಗೂ ಅದರ ಮಾತು ನಿಜವಾಗಿ ಹೊರಡುವ ಫ್ರೀಕ್ವೆನ್ಸಿಗೂ ತಾಳಮೇಳವಿರಲಿಲ್ಲ.

ಅಂಗಡಿ ಎಂದರೆ ಮಹಡಿ ಮೆಟ್ಟಿಲ ಕೆಳಗಿನ ಒಂದು ಕೋಣೆ. ಬಾಗಿಲ ಬಳಿ ಫ್ಯಾನುಗಳು ರೆಕ್ಕೆ ಕಳಚಿಕೊಂಡು ಮಲಗಿದ್ದವು. ಒಳಗೆ ಬೆಸುಗೆಯ ಹೊಗೆಯ ವಾಸನೆ. ಮೇಷ್ಟ್ರು ಟವೆಲು ಬಿಚ್ಚಿ, ಸೆಟ್ಟಿಗೆ ಕರೆಂಟು ಕೊಟ್ಟು, ಅವಳಿಗೆ ಒಂದು ಸ್ಟೂಲು ತೋರಿಸಿ ಸುಮ್ಮನಾದರು. ಅರ್ಧ ಗಂಟೆ ಕಳೆಯಿತು. ಬಸ್ಸು ತಪ್ಪುತ್ತದೆ ಎಂದು ಅವಳು ಮೆಲ್ಲಗೆ ಹೇಳಿದಳು.

“ಮೈ ಬಿಸಿಯಾಗದೆ ಇದರ ಮಾತು ನಂಬಬಾರದಮ್ಮ. ಒಂದು ಗಂಟೆ ಬೇಕು” ಎಂದರು ಮೇಷ್ಟ್ರು.

ಹಿಂದಿನ ಮನೆಯಿಂದ ಟೀ ತಂದ ಅವರ ಅಕ್ಕ ಅದನ್ನು ಕೇಳಿಸಿಕೊಂಡರು. “ಇವನಿಗೆ ಊಟ ತಣ್ಣಗಾದ್ರೂ ನಡೆಯುತ್ತೆ, ಡಬ್ಬ ಮಾತ್ರ ಬಿಸಿ ಇರ್ಬೇಕು.”

ಗಂಟೆ ತುಂಬಿದ ಮೇಲೆ ಮೇಷ್ಟ್ರು ಅವಳ ಸೆಟ್ಟಿನಲ್ಲೂ ತಮ್ಮ ಸೆಟ್ಟಿನಲ್ಲೂ ಒಂದೇ ಅಂಕಿ ಇಟ್ಟು, ತಮ್ಮದರಿಂದ ಸಣ್ಣ ಅಲೆಯೊಂದನ್ನು ಕಳಿಸಿದರು. ಎರಡರ ನಡುವಿನ ವ್ಯತ್ಯಾಸವೇ ದನಿಯಾಗಿ ಅವಳ ಸೆಟ್ಟು ಸಿಳ್ಳು ಹಾಕಿತು. ಒಳಗಿನ ಪುಟ್ಟ ತಿರುಪನ್ನು ಅವರು ಕೂದಲೆಳೆಯಷ್ಟು ತಿರುಗಿಸಿದಂತೆ ಸಿಳ್ಳು ತಗ್ಗಿತು, ಗುಂಯ್ ಎಂದಿತು, ತೊಟ್ಟಿಲಿನಂತೆ ನಿಧಾನವಾಗಿ ತೂಗಿತು, ಕೊನೆಗೆ ಇಲ್ಲವಾಯಿತು. “ಸೊನ್ನೆ ಬಂತು” ಎಂದರು. ಯಾವ ಶಾಲೆಯಲ್ಲೂ ಪಾಠ ಹೇಳದ ಅವರಿಗೆ ಊರಿನ ಹದಿನೆಂಟು ಹವ್ಯಾಸಿಗಳು ಆ ಮಾತಿನಿಂದಲೇ ಹೆಸರಿಟ್ಟಿದ್ದರು. ಹದಿನೆಂಟೂ ಸೆಟ್ಟುಗಳನ್ನು ಹೊಂದಿಸಿದ ಕೈ ಅದೇ.

ಆಮೇಲಿನ ಮೂರು ವರ್ಷಗಳನ್ನು ನೆನೆದರೆ ಅವಳಿಗೆ ಈಗಲೂ ಎದೆ ತುಂಬುತ್ತದೆ. ಬೆಳಿಗ್ಗೆ ಆರೂವರೆಗೆ ಎಲ್ಲರೂ ತಂತಮ್ಮ ಮನೆಯಿಂದಲೇ ಗಾಳಿಯಲ್ಲಿ ಸೇರುತ್ತಿದ್ದರು. ಮೊದಲು ಮೇಷ್ಟ್ರು ಮಾತಾಡಬೇಕು, ಉಳಿದವರು ಅವರ ದನಿಗೆ ತಮ್ಮ ಸೆಟ್ಟು ಕೂಡಿಸಿಕೊಳ್ಳಬೇಕು. ಅವಳ ಮನೆಯಲ್ಲಿ ಅಲ್ಲಿಯವರೆಗೆ ಓದಿದವರೇ ಇರಲಿಲ್ಲ. ರೇಡಿಯೊದ ವಿಷಯದಲ್ಲಿ ‘ನೀನು ಸರಿ ಮಾಡ್ತಿದ್ದೀಯ’ ಎಂದು ಹೇಳಿದ ಮೊದಲ ಮನುಷ್ಯ ಅವರು.

ಒಂದು ದಿನ ದೂರದೂರಿನ ಹವ್ಯಾಸಿಯೊಬ್ಬ ಕೂಟದ ನಡುವೆ ಬಂದು, ನಿಮ್ಮೂರಿನವರೆಲ್ಲ ಮೂಗು ಹಿಡ್ಕೊಂಡು ಮಾತಾಡ್ತೀರಾ ಎಂದು ತಮಾಷೆ ಮಾಡಿದ. ಫ್ರೀಕ್ವೆನ್ಸಿ ಹೊಂದದಿದ್ದರೆ ದನಿ ಹಾಗೆ ಕೇಳಿಸುತ್ತದೆ, ಅವನ ಸೆಟ್ಟೇ ಸರಿಯಿಲ್ಲ ಎಂದು ಎಲ್ಲರೂ ನಕ್ಕು ಬಿಟ್ಟರು. ಅವಳಿಗೆ ಮಾತ್ರ ಅದು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡಿತು. ಅಂದು ಸಂಜೆ ಸೆಟ್ಟನ್ನು ಒಂದು ಗಂಟೆ ಬಿಸಿಯಾಗಲು ಬಿಟ್ಟು, ನಿಖರವಾದ ಸಮಯ ಸಾರುವ ಸರ್ಕಾರಿ ಸ್ಟೇಷನ್ನನ್ನು ಹುಡುಕಿದಳು. ಅದರ ಫ್ರೀಕ್ವೆನ್ಸಿ ತಪ್ಪುವುದಿಲ್ಲ, ಆದರೆ ಹಗಲಿನಲ್ಲಿ ಅದು ಅವರೂರಿಗೆ ಎಟುಕುವುದಿಲ್ಲ. ಟಿಕ್ ಟಿಕ್ ಕೇಳಿಸಿತು, ಜೊತೆಗೆ ಗುಂಯ್ ಎಂಬ ದನಿಯೂ ಕೇಳಿಸಿತು. ಅದು ಇಲ್ಲವಾಗುವವರೆಗೆ ಅಂಕಿ ತಿರುಗಿಸಿ ನೋಡಿದಳು: ನೂರೈವತ್ತು ಹರ್ಟ್ಸ್ ವ್ಯತ್ಯಾಸ. ಮರುದಿನವೂ ಅಷ್ಟೇ, ಅದರ ಮರುದಿನವೂ ಅಷ್ಟೇ.

ಅವಳಿಗೆ ನಿದ್ದೆ ಹತ್ತಲಿಲ್ಲ. ಹೇಳಿದರೆ ಮೇಷ್ಟ್ರು ಅವಳ ಮುಖ ನೋಡದೆ ಹೋಗಬಹುದು. ಹೇಳದಿದ್ದರೆ ಊರಿಗೆ ಊರೇ ತಪ್ಪಿನಲ್ಲಿ ಮಾತಾಡುತ್ತಿರುತ್ತದೆ. ವಾರವೆಲ್ಲ ನುಂಗಿಕೊಂಡು, ಶನಿವಾರ ಅಂಗಡಿಗೆ ಹೋದಳು.

“ಮೇಷ್ಟ್ರೆ, ನನ್ನ ಸೆಟ್ಟು ನೂರೈವತ್ತು ಹರ್ಟ್ಸ್ ಜಾರಿದೆ.”

“ನಾನೇ ಹೊಂದಿಸಿದ್ದಲ್ವಾ ಅದು?”

“ಹೌದು. ನೀವು ಹೊಂದಿಸಿದ ಹಾಗೇ ಇದೆ.”

ಮೇಷ್ಟ್ರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ತಮ್ಮ ಸೆಟ್ಟನ್ನು ಆ ಸ್ಟೇಷನ್ನಿಗೆ ಹೊಂದಿಸಿ ಹತ್ತೊಂಬತ್ತು ವರ್ಷವಾಯಿತು ಎಂದು ಒಪ್ಪಿಕೊಂಡರು. ಅಂಗಡಿ ಐದಕ್ಕೆ ಮುಚ್ಚುತ್ತಿತ್ತು, ಸ್ಟೇಷನ್ ಕೇಳಿಸುತ್ತಿದ್ದದ್ದು ಆಮೇಲೆ. ಫ್ರೀಕ್ವೆನ್ಸಿಯನ್ನು ಹಿಡಿದಿಡುವ ಒಳಗಿನ ಹರಳು ತನ್ನಷ್ಟಕ್ಕೆ ಮುದಿಯಾಗಿ ಜಾರುತ್ತದೆ ಎಂದು ಬೇರೆಯವರಿಗೆ ಹೇಳುತ್ತಿದ್ದವರು ತಮ್ಮದನ್ನೇ ಮರೆತಿದ್ದರು. ಅಂದು ಆರರವರೆಗೆ ಕಾದು, ಇಬ್ಬರೂ ಮೇಷ್ಟ್ರ ಸೆಟ್ಟಿಗೆ ಕಿವಿ ಕೊಟ್ಟರು. ಅದೇ ಗುಂಯ್ ಅಲ್ಲೂ ಇತ್ತು.

“ಇಷ್ಟು ವರ್ಷ ಊರಿಗೆಲ್ಲ ನನ್ನ ತಪ್ಪನ್ನೇ ಅಳೆದು ಕೊಟ್ಟಿದ್ದೀನಿ” ಎಂದರು ಮೇಷ್ಟ್ರು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಬಿಡಲಿಲ್ಲ. “ನೀನೊಬ್ಬನೇ ದಾರಿ ತಪ್ಪಿದ್ರೆ ಯಾರಾದ್ರೂ ಹೇಳ್ತಿದ್ರು. ಎಲ್ಲರನ್ನೂ ಕರ್ಕೊಂಡು ಹೋದ್ಯಲ್ಲ, ಹೇಳೋರು ಯಾರು?”

ಮೇಷ್ಟ್ರಿಗೆ ನಗು ಬಂತು. ಆಗಲೇ ಅವಳ ಉಸಿರು ಹಗುರವಾದದ್ದು.

ಮರುದಿನ ಬೆಳಗಿನ ಕೂಟದಲ್ಲಿ ಅವರು ಮೊದಲ ಮಾತಿಗೇ ತಪ್ಪು ತಮ್ಮದೆಂದರು. ಹಿಡಿದು ತೋರಿಸಿದ್ದು ಲ್ಯಾಬಿನ ಹುಡುಗಿ ಎಂದೂ ಹೇಳಿದರು. ಹವ್ಯಾಸಿಗಳಲ್ಲೊಬ್ಬರಾದ ಬೇಕರಿಯವರು, ಎಲ್ಲರೂ ಒಂದೇ ಕಡೆ ಜಾರಿದ್ದೀವಲ್ಲ, ಅಲ್ಲೇ ಮಾತಾಡಿಕೊಂಡಿರೋಣ ಎಂದರು. “ಬೇಡ, ಸೆಟ್ಟು ತನ್ನಿ” ಎಂದರು ಮೇಷ್ಟ್ರು. ಎಲ್ಲರ ಸೆಟ್ಟುಗಳೂ ಸರಿಯಾಗಲು ಎರಡು ತಿಂಗಳು ಹಿಡಿಯಿತು. ದಿನಾ ಸಂಜೆ ಅವಳು ಸ್ಟೇಷನ್ ಹಿಡಿದು ಕೊಡುತ್ತಿದ್ದಳು, ಅವರು ತಿರುಪು ತಿರುಗಿಸುತ್ತಿದ್ದರು.

ಬೆಳಗಿನ ಕೂಟದಲ್ಲಿ ಮೊದಲು ಮಾತಾಡುವ ಕೆಲಸವನ್ನು ಮೇಷ್ಟ್ರು ಅವಳಿಗೇ ಬಿಟ್ಟುಕೊಟ್ಟರು. ಈಗ ಅವರು ಹಗಲು ಫ್ಯಾನು, ಮಿಕ್ಸಿ ರಿಪೇರಿ ಮಾಡುತ್ತಾರೆ, ಅಂಗಡಿಯನ್ನು ಏಳರವರೆಗೆ ತೆರೆದಿಡುತ್ತಾರೆ, ಪ್ರತಿ ತಿಂಗಳ ಮೊದಲ ಸೋಮವಾರ ತಮ್ಮ ಸೆಟ್ಟನ್ನು ಆ ಸ್ಟೇಷನ್ನಿಗೆ ಹೊಂದಿಸುತ್ತಾರೆ.