ಅತ್ತಿಗೆ ‘ಸತ್ತೆ’ ಎನ್ನದ ದಿನ

ನಾದಿನಿ ಹಾಗೆ ಕರೆಯುತ್ತಾಳೆಂದು ಇಡೀ ಬೀದಿಯೇ ಆ ದರ್ಜಿ ಹೆಂಗಸನ್ನು ಅತ್ತಿಗೆ ಎನ್ನುತ್ತಿತ್ತು. ಅತ್ತಿಗೆ ದಿನಕ್ಕೆ ಎಷ್ಟು ಸಲ ಸಾಯುತ್ತಾಳೆಂಬ ಲೆಕ್ಕವನ್ನು ಎಲ್ಲರೂ ಯಾವತ್ತೋ ಬಿಟ್ಟಿದ್ದರು. ದಾರ ಕಡಿದರೆ “ಸತ್ತೆ!” ಕರೆಂಟು ಹೋದರೆ “ಸತ್ತೇ ಹೋದೆ ಕಣೇ!” ಹೊಲಿದು ಕೊಟ್ಟಿದ್ದು ಸೊಂಟಕ್ಕೆ ಬಿಗಿ ಎಂದು ಗಿರಾಕಿ ವಾಪಸು ಬಂದರೆ “ಸತ್ತು ಸುಣ್ಣವಾದೆ!” ಹೀಗೆ ಸಾಯುವಾಗಲೂ ಅವಳ ಕಾಲು ಮಷೀನಿನ ಪೆಡಲು ಬಿಟ್ಟದ್ದಿಲ್ಲ. ಎದುರು ಕೂತು ಗುಂಡಿ ಹಚ್ಚುವ ನಾದಿನಿಯಂತೂ ತಲೆ ಕೂಡ ಎತ್ತುತ್ತಿರಲಿಲ್ಲ. ತನ್ನ ಮಾತನ್ನು ಇವಳು ಕಿವಿಗೇ ಹಾಕಿಕೊಳ್ಳುವುದಿಲ್ಲವೆಂಬುದು ಅತ್ತಿಗೆಯ ಕೊರಗು.

ಅವತ್ತು ಮೇಜಿನ ಮೇಲಿದ್ದುದು ಪಕ್ಕದ ಬೀದಿಯ ಹುಡುಗಿಯ ಮದುವೆಯ ಗೌನು. ತೀರಿಹೋದ ತಾಯಿ ಮಗಳಿಗೆಂದೇ ತೆಗೆದಿಟ್ಟಿದ್ದ ಬಟ್ಟೆ; ಒಂದು ಮಗ್ಗುಲು ಹೊಳಪು, ಇನ್ನೊಂದು ಮಂಕು. ಸಂಜೆಗೇ ಕೊಡಬೇಕು. ಅವಸರದಲ್ಲಿ ಅತ್ತಿಗೆ ಬಟ್ಟೆಯನ್ನು ಎದುರುಬದುರು ಮಡಿಸದೆ ಕತ್ತರಿ ಹಾಕಿಬಿಟ್ಟಳು. ಎರಡೂ ತೋಳು ಬಲಗೈಯದೇ ಆದವು. ತಿರುವಿ ಹಾಕಿದರೆ ಮಂಕು ಮಗ್ಗುಲು ಹೊರಗೆ. ಉಳಿದ ಬಟ್ಟೆಯೆಲ್ಲ ಸೊಂಟದ ಕೆಳಗೆ ಅಗಲವಾಗಿ ಹರಡುವ ಘೇರಿಗೆಂದು ಅಳೆದಿಟ್ಟದ್ದು.

ಅತ್ತಿಗೆ ಕತ್ತರಿ ಕೆಳಗಿಟ್ಟು ಸುಮ್ಮನೆ ನಿಂತಳು. ನಾದಿನಿ ದಡಬಡಿಸಿ ಎದ್ದು ಬಂದಳು.

“ಏನಾಯ್ತು ಅತ್ತಿಗೆ?”

“ನಾನೇನೂ ಅನ್ಲಿಲ್ವಲ್ಲೇ.”

“ಅದಕ್ಕೇ ಬಂದೆ. ಬೆಳಿಗ್ಗೆಯಿಂದ ಸಾಯ್ತಾನೇ ಇದ್ದವರು ಈಗ ಉಸಿರೇ ಎತ್ತುತ್ತಿಲ್ಲ. ನಂಗೆ ಕೈಕಾಲು ತಣ್ಣಗಾಗೋಯ್ತು.”

ಅತ್ತಿಗೆ ತೋಳುಗಳನ್ನು ತೋರಿಸಿ ಗಳಗಳನೆ ಅತ್ತುಬಿಟ್ಟಳು. ನಾದಿನಿ ಉಳಿದ ಬಟ್ಟೆಯನ್ನು ಹರಡಿ ನೋಡಿದಳು. “ಘೇರು ಸ್ವಲ್ಪ ಕಮ್ಮಿ ಮಾಡೋಣ, ಒಂದು ತೋಳು ಆರಾಮಾಗಿ ಬರತ್ತೆ. ನೀವೇ ಕಲಿಸಿದ್ದಲ್ವಾ?”

ಕಲಿಸಿದ್ದು ಅವಳೇ. ಆದರೆ ದಿಕ್ಕು ತೋಚದೆ ನಿಂತ ಆ ಗಳಿಗೆಯಲ್ಲಿ ತನ್ನ ವಿದ್ಯೆ ತನಗೇ ನೆನಪಾಗಿರಲಿಲ್ಲ.

ಸಂಜೆ ಹುಡುಗಿ ಬಂದಾಗ, ನಾದಿನಿ ಎಷ್ಟು ಕಣ್ಸನ್ನೆ ಮಾಡಿದರೂ ಅತ್ತಿಗೆ ನಡೆದದ್ದನ್ನೆಲ್ಲ ಹೇಳಿಬಿಟ್ಟಳು. ಹುಡುಗಿ ಗೌನು ತೊಟ್ಟು ಕನ್ನಡಿ ಮುಂದೆ ಗಿರ್ರನೆ ಸುತ್ತಿದಳು. “ಒಳ್ಳೇದೇ ಆಯ್ತು ಬಿಡಿ. ಅಷ್ಟೊಂದು ಘೇರಿದ್ದಿದ್ರೆ ಎಲ್ಲರ ಮುಂದೆ ಎಡವಿ ಬೀಳ್ತಿದ್ದೆ,” ಎಂದು ನಕ್ಕಳು. ಹೊಸ ತೋಳನ್ನೊಮ್ಮೆ ಕೆನ್ನೆಗೆ ಒತ್ತಿಕೊಂಡಳು.

ಅವಳು ಹೋದ ಮೇಲೆ ಅತ್ತಿಗೆ ಮೆಲ್ಲಗೆ ಕೇಳಿದಳು. “ಹಾಗಾದ್ರೆ ಇಷ್ಟು ವರ್ಷ ನಾನು ಅಂದಿದ್ದೆಲ್ಲ ನಿಂಗೆ ಕೇಳಿಸ್ತಿತ್ತೇನೇ?”

“ಒಂದೂ ಬಿಡದೆ,” ಎಂದಳು ನಾದಿನಿ, ಸೂಜಿಗೆ ದಾರ ಪೋಣಿಸುತ್ತ. “ಅದು ಕೇಳಿಸ್ತಿದ್ರೆ ತಾನೇ, ನೀವು ಚೆನ್ನಾಗಿದೀರಾ ಅಂತ ನಂಗೆ ಗೊತ್ತಾಗೋದು.”