ಐದು ಮಂದಿ ಕೂರಬಾರದ ಕಾರು

ಗೆಳೆಯರೇ, ನನ್ನ ತಮ್ಮ ಯಾರಿಗೂ ಹೇಳದೆ ಮನೆಯ ಕಾರಿಗೆ ಅಗಲವಾದ ಗಾಲಿ ಹಾಕಿಸಿದ್ದ. ಇವತ್ತು ಐದು ಮಂದಿ ಹತ್ತಿ ಹೊರಟರೆ, ಪ್ರತಿ ಗುಂಡಿಗೂ ಹಿಂದಿನ ಟೈರು ಮಡ್‌ಗಾರ್ಡಿಗೆ ಉಜ್ಜುತ್ತಿತ್ತು. ಸುಟ್ಟ ರಬ್ಬರಿನ ವಾಸನೆ ಬೇರೆ. ಆ ಗಾಲಿ ಹಾಕಿದ ಬೈಲಹೊಂಗಲದ ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ.

ಅಂಗಡಿಯವನು ಕೇಳಿದ: "ಹಿಂದ ಎಷ್ಟು ಮಂದಿ ಕುಂತಿದ್ರಿ?"

"ನಮ್ಮವ್ವನ್ನ ಹಿಡದು ಮೂರು ಮಂದಿ."

"ಅದಕ್ಕ ನೋಡ್ರಿ! ಹಿಂದ ಯಾರೂ ಕುಂದರ್ಲಿಲ್ಲಂದ್ರ ಒಟ್ಟ ತಾಗೂದಿಲ್ರಿ."

ತಮ್ಮ ಕೂಡಲೇ ತಿರುಗಿ, "ಅವ್ವಾ, ನೀ ಬಸ್ಸಿಗೆ ಬಾ," ಎಂದ.

ನನ್ನ ಪಿತ್ತ ನೆತ್ತಿಗೇರಿತು. ಅಂಗಡಿಯಲ್ಲೇ ಬಿದ್ದಿದ್ದ ನಮ್ಮ ಹಳೇ ಗಾಲಿಗಳನ್ನು ನಿಂತು ಹಾಕಿಸಿದೆ. ಅವ್ವ ಈಗ ಮುಂದಿನ ಸೀಟಿನಲ್ಲಿದ್ದಾಳೆ. ತಮ್ಮ ನಾಲ್ಕು ಹೊಸ ಗಾಲಿಗಳ ಜೊತೆ ಬೈಲಹೊಂಗಲ ಬಸ್ ನಿಲ್ದಾಣದಲ್ಲಿ ಸವದತ್ತಿ ಬಸ್ಸಿಗೆ ಕಾಯುತ್ತಿದ್ದಾನೆ. ಕಾರಿನಲ್ಲಿ ಆ ಕಡೆ ಬಂದವರು ದಯವಿಟ್ಟು ಅವನನ್ನು ಹತ್ತಿಸಿಕೊಳ್ಳಬೇಡಿ. ಟೈರು ತಾಗುತ್ತದೆ.