ಪಕ್ಕದ ಕೊಠಡಿಯ ಡಾಕ್ಟರು

“ನಿಮ್ಮ ಯಜಮಾನ್ರು ನನ್ ಹತ್ರ ಬಂದಿದ್ರೆ ನಿವೃತ್ತಿಗೇ ಬರೀತಿದ್ದೆ ಕಣಮ್ಮ,” ಎಂದು ಸ್ಕ್ಯಾನ್ ರಿಪೋರ್ಟ್ ನೋಡಿದ ಡಾಕ್ಟರಮ್ಮ ಹೇಳಿದರು.

ನನ್ನ ಗಂಡ ಗುಬ್ಬಿಯಲ್ಲಿ ಬಸ್ ಚಾಲಕರಾಗಿದ್ದರು. ಬೆನ್ನಿನ ಡಿಸ್ಕ್ ಜಾರಿ ಬಲಗಾಲು ಜೋಮು ಹಿಡಿಯುತ್ತಿತ್ತು. ಬ್ರೇಕ್ ತುಳಿದದ್ದೂ ಒಮ್ಮೊಮ್ಮೆ ಗೊತ್ತಾಗುತ್ತಿರಲಿಲ್ಲ. ಆರೋಗ್ಯದ ಕಾರಣಕ್ಕೆ ನಿವೃತ್ತಿ ಕೇಳಿ, ತಪಾಸಣೆಗೆಂದು ತುಮಕೂರಿನ ಆಸ್ಪತ್ರೆಗೆ ಬಂದಿದ್ದೆವು. ಕುಣಿಗಲ್‌ನ ಚಾಲಕರೊಬ್ಬರು ಅದೇ ತೊಂದರೆಗೆ ಬಂದು ನಮ್ಮ ಪಕ್ಕ ಕೂತಿದ್ದರು. ಅವರನ್ನು ಡಾಕ್ಟರಮ್ಮನ ಕೊಠಡಿಗೆ, ಇವರನ್ನು ಪಕ್ಕದ ಡಾಕ್ಟರ ಕೊಠಡಿಗೆ ಕರೆದರು. ಅವರಿಗೆ ನಿವೃತ್ತಿ ಸಿಕ್ಕಿತು. ಇವರು ಕೆಲಸಕ್ಕೆ ಅರ್ಹರು ಎಂದಾಯಿತು.

“ಬುಡು, ಹಣೇಲಿ ಬರ್ದಿದ್ದು,” ಎಂದು ಇವರು ಎದ್ದುಬಿಟ್ಟರು. ಕುಣಿಗಲ್‌ನವರು ಬಿಡಲಿಲ್ಲ.

“ಅದೆಂಗ್ ಬುಡಾದು? ಹಿಂದ್ಗಡೆ ಸೀಟಲ್ಲಿ ಜನ ಕೂತಿರ್ತಾರೆ. ಬನ್ನಿ, ನಮ್ ಡಾಕ್ಟ್ರನ್ನೇ ಕೇಳಾಣ.”

“ಮತ್ತೆ ನೋಡಿ ನಿಮ್ ನಿವೃತ್ತೀನೂ ಇಲ್ಲ ಅಂದ್ಬುಟ್ರೆ?” ಎಂದೆ.

“ನೋಡ್ಲಿ ಬುಡಿ. ಕಾಯ್ಲೆ ಇಬ್ರುದೂ ಒಂದೇ ಅಲ್ವಾ,” ಎಂದು ಮುಂದೆ ನಡೆದೇಬಿಟ್ಟರು.

ಇವರ ರಿಪೋರ್ಟ್ ನೋಡಿ ಆ ಮಾತು ಹೇಳಿದ ಡಾಕ್ಟರಮ್ಮ ಪಕ್ಕದ ಕೊಠಡಿಗೆ ಹೋಗಿ ಆ ಡಾಕ್ಟರನ್ನು ಕರೆತಂದರು. ಇಬ್ಬರೂ ಸೇರಿ ಇಬ್ಬರನ್ನೂ ಮತ್ತೆ ಮಲಗಿಸಿ, ಕಾಲೆತ್ತಿಸಿ, ನಡೆಸಿ ನೋಡಿದರು. ಅಷ್ಟು ಹೊತ್ತೂ ನಾನು ದೇವರಲ್ಲಿ ಬೇಡಿಕೊಂಡದ್ದು ನಮಗಿಂತ ಹೆಚ್ಚಾಗಿ ಆ ಕುಣಿಗಲ್‌ನವರಿಗಾಗಿ. ಕೊನೆಗೆ ಇಬ್ಬರಿಗೂ ನಿವೃತ್ತಿ ಎಂದರು.

ಕುಣಿಗಲ್‌ನವರು ಅವತ್ತು ನಮ್ಮ ಪಕ್ಕ ಕೂತಿರದಿದ್ದರೆ ನನ್ನ ಗಂಡ ಮರುದಿನವೇ ಬಸ್ ಓಡಿಸಬೇಕಿತ್ತು.